ಪತ್ರಿಕೆಯ ಮನೆಯೊಳಗಿನ ಹೊಗೆ

ಕಾರ್ಖಾನೆಗಳ ಹೊಗೆಯ ಬಗ್ಗೆ ಸಂಪಾದಕೀಯ ಬರೆಯುವ ಪತ್ರಿಕೆಯೂ ಒಂದು ಕಾರ್ಖಾನೆಯೇ. ಅದಕ್ಕೆ ಕಾಗದ ಬೇಕು, ಮುದ್ರಣಯಂತ್ರಕ್ಕೆ ವಿದ್ಯುತ್ ಬೇಕು, ಬೆಳಗಾಗುವುದರೊಳಗೆ ಊರೂರಿಗೆ ಪ್ರತಿಗಳನ್ನು ಮುಟ್ಟಿಸಲು ವ್ಯಾನುಗಳು ಬೇಕು. ಇವೆಲ್ಲ ನಡೆಯಲು ಜಾಹೀರಾತಿನ ಹಣ ಬೇಕು. ಭೂಮಿಯ ಬಿಸಿ ಏರುತ್ತಿರುವುದರಲ್ಲಿ ತಮ್ಮ ಪಾಲೆಷ್ಟು ಎಂದು ಪತ್ರಿಕಾಸಂಸ್ಥೆಗಳು ಲೆಕ್ಕ ಹಾಕತೊಡಗಿದ್ದು ಈಚೆಗೆ. ಬ್ರಿಟನ್ನಿನ ‘ದಿ ಗಾರ್ಡಿಯನ್’ ಇದಕ್ಕೊಂದು ಉದಾಹರಣೆ.

ಈ ಪತ್ರಿಕೆ ಹುಟ್ಟಿದ್ದು 1821ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. ಕಲ್ಲಿದ್ದಲು ಉರಿಸಿ ಹತ್ತಿ ಗಿರಣಿ ನಡೆಸುತ್ತಿದ್ದ ನಗರವದು. ಸ್ಥಾಪಕ ಜಾನ್ ಎಡ್ವರ್ಡ್ ಟೇಲರ್ ಕೂಡ ಹತ್ತಿ ವ್ಯಾಪಾರಿಯೇ.

ಸುಮಾರು ಎರಡು ಶತಮಾನಗಳ ನಂತರ, 2015ರ ಮಾರ್ಚ್‌ನಲ್ಲಿ, ಕಲ್ಲಿದ್ದಲು-ತೈಲಗಳನ್ನು ನೆಲದೊಳಗೇ ಬಿಡಬೇಕೆಂಬ ಆಂದೋಲನವನ್ನು ಪತ್ರಿಕೆ ಆರಂಭಿಸಿತು. ಆ ಉದ್ಯಮದಲ್ಲಿ ತೊಡಗಿಸಿದ ಹಣ ಹಿಂತೆಗೆಯಿರಿ ಎಂದು ಗೇಟ್ಸ್ ಪ್ರತಿಷ್ಠಾನ ಮತ್ತು ವೆಲ್‌ಕಮ್ ಟ್ರಸ್ಟ್‌ಗಳನ್ನು ಒತ್ತಾಯಿಸಿತು. ಹೀಗೆ ಹೇಳುವವರ ಹಣ ಎಲ್ಲಿದೆ ಎಂಬ ಪ್ರಶ್ನೆ ಸಹಜವಾಗಿತ್ತು. ಮರುತಿಂಗಳೇ ಪತ್ರಿಕೆಯ ಒಡೆತನದ ಸಂಸ್ಥೆ ತನ್ನ ಸುಮಾರು 80 ಕೋಟಿ ಪೌಂಡ್ ನಿಧಿಯಿಂದ ಅಂಥ ಷೇರುಗಳನ್ನು ಕ್ರಮೇಣ ಮಾರಿಬಿಡುವುದಾಗಿ ಪ್ರಕಟಿಸಿತು.

2019ರಲ್ಲಿ ಪುರವಣಿಗಳ ಪ್ಲಾಸ್ಟಿಕ್ ಹೊದಿಕೆ ಹೋಗಿ, ಆಲೂಗಡ್ಡೆಯ ಪಿಷ್ಟದಿಂದ ಮಾಡಿದ, ಮಣ್ಣಿನಲ್ಲಿ ಕೊಳೆಯುವ ಹೊದಿಕೆ ಬಂತು. ಅದೇ ವರ್ಷ, 2030ರೊಳಗೆ ಸಂಸ್ಥೆಯ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವ ಸಂಕಲ್ಪವೂ ಆಯಿತು.

ಕಠಿಣವಾದ ಹೆಜ್ಜೆ ಬಂದದ್ದು 2020ರ ಜನವರಿಯಲ್ಲಿ. ತೈಲ ಮತ್ತು ಅನಿಲ ತೆಗೆಯುವ ಕಂಪನಿಗಳ ಜಾಹೀರಾತು ಬೇಡವೆಂದು ಪತ್ರಿಕೆ ನಿರ್ಧರಿಸಿತು. ಆಗ ಸಂಸ್ಥೆಯ ವರಮಾನದಲ್ಲಿ ಶೇ 40ರಷ್ಟು ಜಾಹೀರಾತಿನದೇ. ಸರ್ಕಾರಗಳು ಹವಾಮಾನ ರಕ್ಷಣೆಗೆ ಕ್ರಮ ಕೈಗೊಳ್ಳದಂತೆ ಈ ಉದ್ಯಮದ ಹಲವರು ದಶಕಗಳಿಂದ ತಡೆಯುತ್ತ ಬಂದಿದ್ದಾರೆ ಎಂಬುದು ಅದು ಕೊಟ್ಟ ಕಾರಣ.

ಇಂಥ ಧೈರ್ಯಕ್ಕೆ ಪತ್ರಿಕೆಯ ಒಡೆತನದ ರೀತಿಯೂ ನೆರವಾಗಿದೆ ಎನ್ನಬಹುದು. 1936ರಲ್ಲಿ ರಚನೆಯಾದ ಸ್ಕಾಟ್ ಟ್ರಸ್ಟ್ ಇದರ ಒಡೆಯ. ಲಾಭಾಂಶಕ್ಕೆ ಕಾದು ಕುಳಿತ ಷೇರುದಾರರು ಇಲ್ಲಿಲ್ಲ. ಗಳಿಕೆ ಪತ್ರಿಕೆಗೇ ಮರಳುತ್ತದೆ. ಓದುಗರು ಸ್ವಇಚ್ಛೆಯಿಂದ ಕೊಡುವ ದೇಣಿಗೆಯೂ ಇದೆ.

ಆದರೂ ಒಂದು ಮಿತಿ ಉಳಿಯಿತು. ಕಾರು ಮತ್ತು ವಿಹಾರ ಪ್ರವಾಸಗಳ ಜಾಹೀರಾತನ್ನೂ ಕೈಬಿಡಬೇಕೆಂಬ ಬೇಡಿಕೆ ಇದ್ದುದನ್ನು ಸಂಸ್ಥೆಯೇ ಒಪ್ಪಿಕೊಂಡಿತು. ಅವನ್ನು ಬಿಟ್ಟರೆ ತೀವ್ರ ನಷ್ಟವಾಗಿ, ಪತ್ರಕರ್ತರ ಸಂಖ್ಯೆಯನ್ನೇ ತಗ್ಗಿಸಬೇಕಾದೀತು ಎಂದೂ ಹೇಳಿತು. ಹೊದಿಕೆ ಬದಲಿಸಿದಷ್ಟು ಸುಲಭವಾಗಿ ಅನ್ನದ ಮೂಲ ಬದಲಿಸಲಾಗದು. ಎಲ್ಲ ದೇಶಗಳ ಪತ್ರಿಕೆಗಳ ಮುಂದೆಯೂ ಇರುವ ತೊಡಕು ಇದೇ.