ಸಲೂನಿಗೆ ‘ಮಿಡ್‌ಸೆಂಚುರಿ ಮಾಡರ್ನ್’ ಒಳಾಂಗಣ

ಒಳಾಂಗಣ ಅಲಂಕಾರದ ಮಾತು ಬಂದಾಗಲೆಲ್ಲ ಕಿವಿಗೆ ಬೀಳುವ ಹೆಸರುಗಳಲ್ಲಿ ‘ಮಿಡ್‌ಸೆಂಚುರಿ ಮಾಡರ್ನ್’ ಒಂದು. ಇಪ್ಪತ್ತನೆಯ ಶತಮಾನದ ನಡುಗಾಲದ ಆಧುನಿಕ ಶೈಲಿ ಎಂದು ಇದನ್ನು ಕನ್ನಡದಲ್ಲಿ ಹೇಳಬಹುದು. ಎರಡನೇ ಮಹಾಯುದ್ಧ ಮುಗಿದ 1945ರಿಂದ 1960ರ ದಶಕದ ಕೊನೆಯವರೆಗೆ ಅಮೆರಿಕ ಮತ್ತು ಉತ್ತರ ಯುರೋಪಿನಲ್ಲಿ ಬೆಳೆದ ಪೀಠೋಪಕರಣ, ದೀಪ, ಕಟ್ಟಡಗಳ ಶೈಲಿ ಇದು. ಹೆಸರು ಮಾತ್ರ ತಡವಾಗಿ ಬಂತು. ಕಾರಾ ಗ್ರೀನ್‌ಬರ್ಗ್ ಎಂಬ ಲೇಖಕಿ ಐವತ್ತರ ದಶಕದ ಪೀಠೋಪಕರಣಗಳ ಬಗ್ಗೆ 1984ರಲ್ಲಿ ಬರೆದ ಪುಸ್ತಕಕ್ಕೆ ಈ ಹೆಸರಿಟ್ಟ ಮೇಲೆ ಅದು ಎಲ್ಲರ ಬಾಯಲ್ಲಿ ನಿಂತಿತು.

ಮನೆ, ಹೋಟೆಲ್, ಕಚೇರಿ ಎಲ್ಲಕ್ಕೂ ಈ ಶೈಲಿಯನ್ನು ಬಳಸುತ್ತಾರೆ. ಆದರೆ ಇದು ಹೆಚ್ಚು ಸಹಜವಾಗಿ ಹೊಂದುವ ಜಾಗ ಕ್ಷೌರದಂಗಡಿ. ಕಾರಣ ಸರಳ. ಕಡಿಮೆ ಸಾಮಾನು, ನುಣುಪಾದ ಮೇಲ್ಮೈ, ನೆಲದಿಂದ ಎತ್ತರದಲ್ಲಿ ನಿಲ್ಲುವ ಪೀಠೋಪಕರಣ, ಒರೆಸಿದರೆ ಹೋಗುವ ಕೊಳೆ ಇವೇ ಈ ಶೈಲಿಯ ಗುಣಗಳು. ದಿನಕ್ಕೆ ಹತ್ತಾರು ಸಲ ಕೂದಲು ಗುಡಿಸಬೇಕಾದ ಅಂಗಡಿಗೆ ಬೇಕಾದದ್ದೂ ಇವೇ.

ಶೈಲಿಯ ಹಿನ್ನೆಲೆ

ಯುದ್ಧಕಾಲದಲ್ಲಿ ಕಂಡುಕೊಂಡ ವಸ್ತು ಮತ್ತು ತಂತ್ರಗಳೇ ಈ ಶೈಲಿಗೆ ತಳಹದಿ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಯುದ್ಧದ ಹೊತ್ತಿನಲ್ಲಿ ನೌಕಾಪಡೆಯ ಗಾಯಾಳುಗಳ ಮುರಿದ ಕಾಲಿಗೆ ಕಟ್ಟಲು ಪ್ಲೈವುಡ್ ಬಗ್ಗಿಸಿ ಆಸರೆಪಟ್ಟಿ ತಯಾರಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಅದೇ ಕೈಚಳಕದಿಂದ ಕುರ್ಚಿ ಮಾಡಿದರು. 1950ರಲ್ಲಿ ಫೈಬರ್ ಗ್ಲಾಸಿನ ಒಂದೇ ಚಿಪ್ಪಿನಂತಹ ಕುರ್ಚಿ ಮಾರುಕಟ್ಟೆಗೆ ಬಂತು. ಇಂದು ಬಸ್ ನಿಲ್ದಾಣ, ಆಸ್ಪತ್ರೆಗಳಲ್ಲಿ ಕಾಣುವ ಪ್ಲಾಸ್ಟಿಕ್ ಚಿಪ್ಪಿನ ಆಸನಗಳೆಲ್ಲ ಅದೇ ವಂಶದವು. ಮೇಜು ಕುರ್ಚಿಗಳ ಕೆಳಗೆ ಕಾಲುಗಳ ಕಾಡೇ ಬೆಳೆದಿದೆ ಎಂದು ಬೇಸರಪಟ್ಟ ಈರೋ ಸಾರಿನೆನ್ 1957ರ ಹೊತ್ತಿಗೆ ಒಂದೇ ಕಂಬದ ಮೇಲೆ ನಿಲ್ಲುವ ಟ್ಯುಲಿಪ್ ಕುರ್ಚಿಯನ್ನು ತಂದರು. ಡೆನ್ಮಾರ್ಕಿನಲ್ಲಿ ಆರ್ನೆ ಜೇಕಬ್ಸನ್, ಹಾನ್ಸ್ ವೆಗ್ನರ್ ಮೊದಲಾದವರು ಮರವನ್ನೂ ಪ್ಲೈವುಡ್ಡನ್ನೂ ತೆಳುವಾದ, ದುಂಡನೆಯ ರೇಖೆಗಳಿಗೆ ಇಳಿಸಿದರು.

ಇದೇ ಕಾಲದಲ್ಲಿ ಅಡುಗೆಮನೆ, ಅಂಗಡಿಗಳ ಮೇಜಿನ ಮೇಲೆ ಫಾರ್ಮೈಕಾ ಹಾಳೆ ಹರಡಿತು. ಅಮೆರಿಕದ ಸಿನ್ಸಿನಾಟಿಯಲ್ಲಿ 1910ರ ದಶಕದಲ್ಲಿ ಹುಟ್ಟಿದ್ದು ಫಾರ್ಮೈಕಾ. ಮೊದಲು ವಿದ್ಯುತ್ ಉಪಕರಣಗಳಿಗೆ ಬಳಕೆಯಾಗುತ್ತಿದ್ದ ಈ ಹಾಳೆ ಯುದ್ಧದ ನಂತರ ಬಣ್ಣಬಣ್ಣದಲ್ಲಿ ಮನೆಮನೆ ಸೇರಿತು. ನಮ್ಮಲ್ಲಿ ಇಂತಹ ಹಾಳೆಗಳಿಗೆಲ್ಲ ‘ಸನ್‌ಮೈಕಾ’ ಎಂಬ ಒಂದು ಕಂಪೆನಿಯ ಹೆಸರೇ ಅಂಟಿಕೊಂಡಿದೆ.

ಕ್ಷೌರಕ್ಕೂ ಈ ಕಾಲಕ್ಕೂ ಇರುವ ನಂಟು

ನಂಟು ಪೀಠೋಪಕರಣಕ್ಕಷ್ಟೇ ನಿಲ್ಲುವುದಿಲ್ಲ. ಸಲೂನುಗಳಲ್ಲಿ ಬಾಚಣಿಗೆ, ಕತ್ತರಿ ಮುಳುಗಿಸಿಡುವ ನೀಲಿ ದ್ರಾವಣ ‘ಬಾರ್ಬಿಸೈಡ್’ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರಿಸ್ ಕಿಂಗ್ ಎಂಬಾತ 1947ರಲ್ಲಿ ತಯಾರಿಸಿದ್ದು. ಆ ಉದ್ದನೆಯ ಗಾಜಿನ ಜಾಡಿ ಈ ಕಾಲದ ಅಪ್ಪಟ ಗುರುತು. ಅದನ್ನು ಶೋಕಿಗೆ ಇಡುವವರೂ ಇದ್ದಾರೆ. ಇಟ್ಟಮೇಲೆ ದ್ರಾವಣವನ್ನು ದಿನವೂ ಬದಲಿಸಬೇಕು, ಇಲ್ಲದಿದ್ದರೆ ಅದು ಬರೀ ನೀಲಿ ನೀರು.

ಮೇಲಕ್ಕೂ ಕೆಳಕ್ಕೂ ಚಲಿಸುವ ಹೈಡ್ರಾಲಿಕ್ ಕುರ್ಚಿ ಇನ್ನೂ ಹಳೆಯದು. ಸೇಂಟ್ ಲೂಯಿಸ್ ನಗರದ ಕೋಕೆನ್ ಕಂಪೆನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಅದನ್ನು ತಯಾರಿಸಿತ್ತು. (ಚಾರ್ಲ್ಸ್ ಈಮ್ಸ್ ಹುಟ್ಟಿದ್ದೂ ಇದೇ ಊರಿನಲ್ಲಿ, 1907ರಲ್ಲಿ.) ಆಮೇಲೆ ಜಪಾನಿನ ಒಸಾಕಾದ ಟಕಾರಾ ಬೆಲ್ಮಾಂಟ್ ಕಂಪೆನಿ 1950ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಇಳಿಯಿತು, ಮುಂದೆ ಕೋಕೆನ್ ಕಂಪೆನಿಯನ್ನೇ ಕೊಂಡುಕೊಂಡಿತು.

ಕೇಶವಿನ್ಯಾಸದಲ್ಲಂತೂ ಈ ಕಾಲ ಎರಡು ತುದಿಗಳನ್ನು ಕಂಡಿತು. ಒಂದು ತುದಿಯಲ್ಲಿ ಜೇನುಗೂಡಿನಂತೆ ಎತ್ತರಕ್ಕೆ ಕಟ್ಟುವ ‘ಬೀಹೈವ್’. ಶಿಕಾಗೋ ಬಳಿಯ ಮಾರ್ಗರೆಟ್ ವಿಂಚಿ ಹೆಲ್ಡ್ 1960ರಲ್ಲಿ ಇದನ್ನು ರೂಪಿಸಿದರು. ಇಂತಹ ವಿನ್ಯಾಸಕ್ಕೆ ರೋಲರ್, ಸ್ಪ್ರೇ, ತಲೆಯ ಮೇಲೆ ಕವುಚುವ ಡ್ರೈಯರ್ ಎಲ್ಲವೂ ಬೇಕು. ಇನ್ನೊಂದು ತುದಿಯಲ್ಲಿ ವಿಡಾಲ್ ಸಸೂನ್. 1954ರಲ್ಲಿ ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ ಸಲೂನ್ ತೆರೆದ ಸಸೂನ್, ತೊಳೆದು ಒಣಗಿಸಿದರೆ ತಾನಾಗಿ ಸರಿಯಾಗಿ ಕೂರುವಂತೆ ಕೂದಲನ್ನು ಕತ್ತರಿಸಬೇಕೆಂದು ಹಟ ಹಿಡಿದವರು. ಜರ್ಮನಿಯ ಬೌಹೌಸ್ ಶಾಲೆಯ ವಾಸ್ತುಶಿಲ್ಪವೇ ತಮಗೆ ಪ್ರೇರಣೆ ಎಂದು ಅವರು ಹೇಳಿಕೊಂಡಿದ್ದರು. ಮಿಡ್‌ಸೆಂಚುರಿ ಪೀಠೋಪಕರಣಕ್ಕೂ ಅದೇ ಶಾಲೆ ಒಂದು ಮೂಲ. ಅಲಂಕಾರ ಬೇಡ, ಆಕಾರ ಸರಿಯಿರಲಿ ಎನ್ನುವ ಒಂದೇ ಮಾತು ಕುರ್ಚಿಗೂ ಬಂತು, ಕೂದಲಿಗೂ ಬಂತು.

ಭಾರತದಲ್ಲಿ

ಈ ಶೈಲಿ ನಮಗೆ ಪರಕೀಯವಲ್ಲ. ಚಂಡೀಗಢ ನಗರ ಕಟ್ಟುವಾಗ ಪಿಯರ್ ಜಾನೆರೆ ಮತ್ತವರ ಸಂಗಡಿಗರು ಸರ್ಕಾರಿ ಕಚೇರಿ, ಕಾಲೇಜುಗಳಿಗಾಗಿ ತೇಗ ಮತ್ತು ಬೆತ್ತದ ಕುರ್ಚಿಗಳನ್ನು ರೂಪಿಸಿದರು. ಮುರಿದವೆಂದು ಗುಜರಿಗೆ ಹೋಗಿದ್ದ ಅವೇ ಕುರ್ಚಿಗಳು ಮುಂದೆ ಯುರೋಪ್, ಅಮೆರಿಕಗಳ ಹರಾಜಿನಲ್ಲಿ ಲಕ್ಷಗಟ್ಟಲೆ ಬೆಲೆಗೆ ಮಾರಾಟವಾದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟ ಮತ್ತು ಸಾಗಣೆಗೆ ತಡೆ ಹಾಕಬೇಕಾಯಿತು. ಈಮ್ಸ್ ದಂಪತಿಯೂ ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದು 1958ರಲ್ಲಿ ವರದಿಯೊಂದನ್ನು ಸಲ್ಲಿಸಿದರು. ತಾವು ನೋಡಿದ ವಸ್ತುಗಳಲ್ಲಿ ಅವರು ಬಹುವಾಗಿ ಮೆಚ್ಚಿದ್ದು ನಮ್ಮ ನೀರಿನ ಚೊಂಬನ್ನು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು.

ಗುಜರಿಗೆ ಹೋದ ಕುರ್ಚಿಗಳ ಕಥೆ ಹಳೆಯ ಸಲೂನುಗಳಿಗೂ ಅನ್ವಯಿಸುತ್ತದೆ. ಐವತ್ತು ಅರವತ್ತು ವರ್ಷ ಹಳೆಯ ಕ್ಷೌರದಂಗಡಿಗಳಲ್ಲಿ ಮೊಸಾಯಿಕ್ ನೆಲ, ತೇಗದ ಚೌಕಟ್ಟಿನ ಎದುರುಬದುರು ಕನ್ನಡಿ, ಸನ್‌ಮೈಕಾ ಹೊದಿಸಿದ ಹಲಗೆ, ರೆಗ್ಸಿನ್ ಸೀಟಿನ ಕಬ್ಬಿಣದ ಕುರ್ಚಿ ಕಾಣಸಿಗುವುದುಂಟು. ಇವೆಲ್ಲ ಆ ಕಾಲದ ಅಸಲಿ ವಸ್ತುಗಳೇ. ಅಂಗಡಿ ‘ಮಾಡರ್ನ್’ ಆಗಬೇಕೆಂದು ಸಾಲ ಮಾಡಿ ಇವನ್ನು ಕಿತ್ತೆಸೆದು, ಜಿಪ್ಸಮ್ ಫಾಲ್ಸ್ ಸೀಲಿಂಗ್, ಬಣ್ಣದ ಎಲ್‌ಇಡಿ ಪಟ್ಟಿ, ಬಿಳಿ ಟೈಲ್ಸ್ ಹಾಕಿಸುವುದು ಎಲ್ಲ ಊರುಗಳಲ್ಲೂ ನಡೆದಿದೆ. ಆದ್ದರಿಂದ ಈ ಶೈಲಿ ಬೇಕೆನ್ನುವವರು ಕೊಳ್ಳುವ ಪಟ್ಟಿಗಿಂತ ಮೊದಲು ಉಳಿಸಿಕೊಳ್ಳುವ ಪಟ್ಟಿ ಬರೆಯುವುದು ಲೇಸು.

ನೆಲ

ಇರುವುದು ಮೊಸಾಯಿಕ್ ಆಗಿದ್ದರೆ ಮುಟ್ಟಬಾರದು, ಪಾಲಿಶ್ ಹೊಡೆಸಿದರೆ ಸಾಕು. ಚುಕ್ಕೆಚುಕ್ಕೆಯ ಮೊಸಾಯಿಕ್ ಮೇಲೆ ಬಿದ್ದ ಕೂದಲು ಕಣ್ಣಿಗೆ ಹೊಡೆಯುವುದಿಲ್ಲ. ಬಿಳಿ ಟೈಲ್ಸ್ ಮೇಲೆ ಕರಿಕೂದಲು, ಕಪ್ಪು ಗ್ರಾನೈಟ್ ಮೇಲೆ ನರೆಗೂದಲು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಹೊಸದಾಗಿ ಹಾಕಿಸುವವರಿಗೆ ಗಡಿಭಾಗದಲ್ಲಿ ಕಲ್ಲಿಗೆ ಬರವಿಲ್ಲ. ಪಶ್ಚಿಮ ತೆಲಂಗಾಣದ ತಾಂಡೂರು ಕಲ್ಲು, ಕರ್ನೂಲು ಸೀಮೆಯ ಬೇತಂಚರ್ಲ ಕಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಮೂರೂ ಈ ಶೈಲಿಯ ಸಾದಾತನಕ್ಕೆ ಒಪ್ಪುತ್ತವೆ. ಕಾಸರಗೋಡಿನ ಕಡೆ ರೆಡ್ ಆಕ್ಸೈಡ್ ನೆಲವಿದ್ದರೆ ಅದೂ ಚೆಂದವೇ. ಚಿತ್ರಗಳಲ್ಲಿ ಕಾಣುವ ಜಮಖಾನೆಯಂತಹ ಉದ್ದ ಎಳೆಯ ಹಾಸು ಮಾತ್ರ ಸಲೂನಿಗೆ ತರಬಾರದು, ಒಮ್ಮೆ ಹೊಕ್ಕ ಕೂದಲು ಅದರಿಂದ ಈಚೆ ಬರುವುದಿಲ್ಲ.

ಮರಗೆಲಸ ಮತ್ತು ಕುರ್ಚಿ

ಕೆಳಕ್ಕೆ ಹೋದಂತೆ ಸಪೂರವಾಗುವ ಓರೆ ಕಾಲುಗಳು ಈ ಶೈಲಿಯ ಮುಖ್ಯ ಲಕ್ಷಣ. ಬೀರು, ಬೆಂಚುಗಳನ್ನು ಇಂತಹ ಕಾಲುಗಳ ಮೇಲೆ ಆರೆಂಟು ಇಂಚು ಎತ್ತರಿಸಿದರೆ ಪೊರಕೆ ಸಲೀಸಾಗಿ ಅಡಿಗೆ ಹೋಗುತ್ತದೆ. ಕನ್ನಡಿಯ ಕೆಳಗಿನ ಹಲಗೆಯನ್ನು ಗೋಡೆಗೇ ಕಚ್ಚಿಸಿ ಕಾಲಿಲ್ಲದಂತೆ ಮಾಡಿದರೆ ಇನ್ನೂ ಒಳ್ಳೆಯದು. ಹಲಗೆಗೆ ನೀರು ತಡೆಯುವ ಮರೈನ್ ಪ್ಲೈ, ಮೇಲೆ ಹೊಳಪಿಲ್ಲದ ಸನ್‌ಮೈಕಾ, ಅಂಚಿಗೆ ತೇಗದ ಪಟ್ಟಿ. ಪೂರ್ತಿ ತೇಗವೇ ಬೇಕೆಂದಿಲ್ಲ, ಕಣ್ಣಿಗೂ ಕೈಗೂ ಸಿಗುವುದು ಅಂಚು ಮಾತ್ರ.

ಮರದ ಕಾಲುಗಳ ತುದಿಗೆ ಆ ಕಾಲದವರು ಹಿತ್ತಾಳೆಯ ಬಳೆ ತೊಡಿಸುತ್ತಿದ್ದರು. ನೋಡಲು ಆಭರಣದಂತೆ ಕಂಡರೂ ನೆಲ ಒರೆಸುವಾಗ ಮರಕ್ಕೆ ನೀರು ತಾಗದಂತೆ ಕಾಯುವುದು ಅದೇ. ಕರಾವಳಿಯ ಉಪ್ಪುಗಾಳಿಗೆ ಕ್ರೋಮ್ ಲೇಪದ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿ ಮರ ಅಥವಾ ಸ್ಟೀಲ್ ಮೇಲು. ಸೊಲ್ಲಾಪುರ, ಆದೋನಿಯಂತಹ ಬಿಸಿಲಿನ ಊರುಗಳಲ್ಲಿ ಸರಿಯಾಗಿ ಒಣಗದ ಮರ ಒಂದೇ ಬೇಸಿಗೆಗೆ ಬಿರುಕು ಬಿಡುತ್ತದೆ, ಬಡಗಿಯ ಬಳಿ ಈ ಮಾತನ್ನು ಮೊದಲೇ ಆಡಿಕೊಳ್ಳಬೇಕು.

ಹಳೆಯ ಹೈಡ್ರಾಲಿಕ್ ಕುರ್ಚಿ ಇಳಿದುಹೋಗುತ್ತಿದ್ದರೆ ಬಹುಪಾಲು ದೋಷ ಆಯಿಲ್ ಸೀಲಿನದ್ದು. ಸೀಲ್ ಬದಲಿಸಿ, ಕಾರು ಬೈಕುಗಳ ಸೀಟು ಹೊಲಿಯುವವರ ಬಳಿ ಹೊಸ ರೆಗ್ಸಿನ್ ಹಾಕಿಸಿದರೆ ಅದು ಮತ್ತೆ ಹಲವು ವರ್ಷ ದುಡಿಯುತ್ತದೆ. ಹೊಸ ಕುರ್ಚಿಯ ಎದುರು ನೋಟದಲ್ಲೂ ಅದೇ ಒಂದು ಕೈ ಮೇಲು. ಬಟ್ಟೆಯ ಹೊದಿಕೆ ಬೇಡ, ಗುಂಡಿ ಒತ್ತಿದ ಕುಶನ್ನೂ ಬೇಡ, ಆ ತಗ್ಗುಗಳಲ್ಲಿ ಕೂದಲು ಕೂರುತ್ತದೆ. ಇದೇ ಕಾರಣಕ್ಕೆ ಚಂಡೀಗಢ ಮಾದರಿಯ ಬೆತ್ತದ ಕುರ್ಚಿಗಳನ್ನು ಕಾಯುವವರ ಜಾಗಕ್ಕೆ ಮಾತ್ರ ಇಡಬೇಕು. ಎರಡು ಕುರ್ಚಿಗಳ ನಡುಮಧ್ಯಗಳ ಅಂತರ ಐದಡಿಯಷ್ಟಿದ್ದರೆ ಕೆಲಸ ಮಾಡುವವರ ಮೊಣಕೈ ಒಂದಕ್ಕೊಂದು ತಾಗುವುದಿಲ್ಲ. ಸಣ್ಣ ಅಂಗಡಿಯಲ್ಲಿ ಮೂರನೆಯ ಕುರ್ಚಿ ತುರುಕಿದರೆ ಶೈಲಿಯೂ ಹೋಯಿತು, ಕೆಲಸವೂ ಕೆಟ್ಟಿತು.

ಬೆಳಕು

ಅತಿ ಹೆಚ್ಚು ಎಡವುವುದು ಇಲ್ಲಿಯೇ. ಐವತ್ತರ ದಶಕದ ಚಿತ್ರಗಳಲ್ಲಿ ಕಾಣುವ ಬೆಚ್ಚನೆಯ ಹಳದಿ ಬೆಳಕು ಮನೆಯ ಪಡಸಾಲೆಗೆ ಸರಿ. ಸಲೂನಿನಲ್ಲಿ ಆ ಬೆಳಕು ಕೂದಲಿನ ಬಣ್ಣವನ್ನು ಮರೆಮಾಚುತ್ತದೆ. ಒಳಗೆ ಕಂದು ಎಂದು ಒಪ್ಪಿಕೊಂಡ ಬಣ್ಣ ಬಿಸಿಲಿಗೆ ಹೋದೊಡನೆ ಬೇರೆಯಾಗಿ ಕಂಡು, ಗಿರಾಕಿ ಸಿಟ್ಟಿನಿಂದ ಮರಳಿ ಬರುತ್ತಾರೆ. ಕೆಲಸದ ಜಾಗಕ್ಕೆ 4000 ಕೆಲ್ವಿನ್ ಆಸುಪಾಸಿನ, ಸಿಆರ್‌ಐ 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಬಲ್ಬು ಬೇಕು. ಸಿಆರ್‌ಐ ಎಂದರೆ ವಸ್ತುವಿನ ಬಣ್ಣವನ್ನು ಬೆಳಕು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ. ಬಲ್ಬಿನ ಡಬ್ಬಿಯ ಮೇಲೆ ಇವೆರಡೂ ಅಂಕಿ ಇವೆಯೇ ಎಂದು ನೋಡಿ ಕೊಳ್ಳಬೇಕು. 2700 ಕೆಲ್ವಿನ್‌ನ ಹಳದಿ ಬೆಳಕನ್ನು ಕಾಯುವವರ ಬೆಂಚಿನ ಮೇಲೆ ಬಿಟ್ಟರೆ ಸಾಕು.

ಎಲ್ಲಿಂದ ಬೆಳಕು ಬರುತ್ತದೆ ಎಂಬುದೂ ಮುಖ್ಯ. ನೆತ್ತಿಯ ಮೇಲಿನ ಒಂದೇ ದೀಪ ಕಣ್ಣು, ಗಲ್ಲದ ಕೆಳಗೆ ನೆರಳು ಬೀಳಿಸುತ್ತದೆ. ಯಾರಿಗೂ ಆ ಮುಖ ಇಷ್ಟವಾಗುವುದಿಲ್ಲ, ಗಡ್ಡ ಕೆರೆಯುವವರಿಗೂ ಕಷ್ಟ. ಕನ್ನಡಿಯ ಎರಡೂ ಬದಿಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಿಂದ ಮೇಲಕ್ಕೆ, ಹಾಲುಗಾಜಿನ ಗುಂಡು ದೀಪ ಹಾಕಿದರೆ ಶೈಲಿಗೂ ಒಪ್ಪುತ್ತದೆ, ಕೆಲಸಕ್ಕೂ ಒದಗುತ್ತದೆ. 1957ರಲ್ಲಿ ಸೋವಿಯತ್ ಒಕ್ಕೂಟ ಹಾರಿಸಿದ ಉಪಗ್ರಹದ ಹೆಸರು ಹೊತ್ತ, ಸುತ್ತಲೂ ಕಡ್ಡಿ ಚಾಚಿದ ‘ಸ್ಪುಟ್ನಿಕ್’ ತೂಗುದೀಪ ಈ ಶೈಲಿಯ ಹೆಗ್ಗುರುತು. ಆದರೆ ನಮ್ಮ ಅಂಗಡಿಗಳ ಸೂರಿನ ಮಧ್ಯಭಾಗ ಫ್ಯಾನಿನ ಸ್ವತ್ತು. ಫ್ಯಾನಿನ ರೆಕ್ಕೆಗಿಂತ ಮೇಲೆ ದೀಪವಿದ್ದರೆ ಬೆಳಕು ಪಟಪಟನೆ ಹೊಡೆದುಕೊಂಡು ಕಣ್ಣು ಕುಕ್ಕುತ್ತದೆ. ಕತ್ತಿ ಹಿಡಿದವರಿಗೆ ಅದು ಅಪಾಯ. ಬೇಕೇ ಬೇಕೆಂದರೆ ಬಾಗಿಲ ಬಳಿ ಚಿಕ್ಕದೊಂದನ್ನು ತೂಗುಹಾಕಬಹುದು.

ಬಣ್ಣ ಮತ್ತು ಸಣ್ಣಪುಟ್ಟ

ಸಾಸಿವೆ ಹಳದಿ, ಪಾಚಿ ಹಸಿರು, ನವಿಲು ನೀಲಿ, ಇಟ್ಟಿಗೆ ಕೆಂಪು ಈ ಕಾಲದ ಬಣ್ಣಗಳು. ಒಂದನ್ನು ಆರಿಸಿ ಒಂದೇ ಗೋಡೆಗೆ ಬಳಿಯಬೇಕು, ಉಳಿದದ್ದು ಸುಣ್ಣದ ಬಿಳಿಯಾಗಿರಲಿ. ಕನ್ನಡಿಯ ಪಕ್ಕದ ಗೋಡೆಗೆ ಗಾಢ ಬಣ್ಣ ಹಚ್ಚಿದರೆ ಅದರ ಛಾಯೆ ಮುಖಕ್ಕೂ ಕೂದಲಿಗೂ ಹೊಡೆಯುತ್ತದೆ. ಗಿರಾಕಿಯ ಬೆನ್ನ ಹಿಂದಿನ ಗೋಡೆಗೆ ಹಚ್ಚಿದರೆ ಕನ್ನಡಿಯಲ್ಲಿಯೂ ಕಂಡು ಒಂದು ಡಬ್ಬಿ ಬಣ್ಣ ಎರಡು ಗೋಡೆಯ ಕೆಲಸ ಮಾಡುತ್ತದೆ.

ಜಾರ್ಜ್ ನೆಲ್ಸನ್ ಕಚೇರಿಯಿಂದ 1940ರ ದಶಕದ ಕೊನೆಯಲ್ಲಿ ಬಂದ, ಅಂಕಿಗಳ ಬದಲು ಬಣ್ಣದ ಗುಂಡುಗಳಿರುವ ಗಡಿಯಾರದ ಮಾದರಿಗಳು ಸುಲಭವಾಗಿ ಸಿಗುತ್ತವೆ. ಹಿಂದಿನ ಗೋಡೆಗೆ ಹಾಕಿದರೆ ಕನ್ನಡಿಯಲ್ಲಿ ಸಮಯ ತಿರುಗುಮುರುಗಾಗಿ ಕಾಣುತ್ತದೆ, ಕನ್ನಡಿಯ ಮೇಲಿನ ಗೋಡೆಯೇ ಅದಕ್ಕೆ ಸ್ಥಳ. ಟವೆಲುಗಳು ಒಂದೇ ಬಣ್ಣದವಾಗಿದ್ದರೆ ಅಂಗಡಿ ತಾನಾಗಿ ಅಚ್ಚುಕಟ್ಟಾಗಿ ಕಾಣುತ್ತದೆ. ಟೆರ್ರಿ ಟವೆಲಿಗೆ ಹೆಸರಾದ ಸೊಲ್ಲಾಪುರದ ಮಗ್ಗಗಳು ಗಡಿಕನ್ನಡಿಗರಿಗೆ ಹತ್ತಿರದಲ್ಲೇ ಇವೆ.

ಕೊನೆಗೆ ನಾಮಫಲಕ. ಫ್ಲೆಕ್ಸ್ ಮೇಲೆ ಸಿನಿಮಾ ನಟರ ಮುಖ ಅಚ್ಚು ಹಾಕಿಸುವ ಬದಲು, ತಗಡು ಅಥವಾ ಮರದ ಹಲಗೆಯ ಮೇಲೆ ಕೈಯಿಂದ ಬರೆಸಿದ ಅಕ್ಷರ ಈ ಶೈಲಿಗೆ ಸಲ್ಲುತ್ತದೆ. ಗಡಿಯ ಊರುಗಳಲ್ಲಿ ಎರಡು ಮೂರು ಲಿಪಿ ಒಂದೇ ಹಲಗೆಯ ಮೇಲೆ ಬರಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯಂತೆ ಎಲ್ಲ ಅಂಗಡಿಗಳ ಫಲಕದಲ್ಲೂ ದೇವನಾಗರಿಯಲ್ಲಿ ಮರಾಠಿ ಇರಲೇಬೇಕು, ಬೇರೆ ಲಿಪಿಯ ಅಕ್ಷರ ಅದಕ್ಕಿಂತ ದೊಡ್ಡದಾಗುವಂತಿಲ್ಲ. ಕನ್ನಡವನ್ನು ಅದೇ ಅಳತೆಯಲ್ಲಿ ಪಕ್ಕಕ್ಕೆ ಬರೆಸಲು ಅಡ್ಡಿಯಿಲ್ಲ. ಎಲ್ಲ ಲಿಪಿಗಳಿಗೂ ಒಂದೇ ಬಣ್ಣ, ಒಂದೇ ದಪ್ಪದ ಕುಂಚ ಬಳಸಿ, ಸುತ್ತ ಖಾಲಿ ಜಾಗ ಬಿಟ್ಟರೆ ಹಲಗೆ ದೂರದಿಂದಲೂ ಓದಲು ಬರುತ್ತದೆ. ಮಳೆ ಹೆಚ್ಚಿರುವ ವಯನಾಡು, ನೀಲಗಿರಿಯ ಕಡೆ ಮರದ ಹಲಗೆಗಿಂತ ಎನಾಮೆಲ್ ಬಣ್ಣ ಬಳಿದ ತಗಡೇ ಹೆಚ್ಚು ಬಾಳಿಕೆ ಬರುತ್ತದೆ.