ಜೀಪಿನ ಮುಂದಿನ ಆಕ್ಸಲ್ 'ಕ್ರಾಸ್' ಮುರಿದರೆ ಏನು ಮಾಡಬೇಕು?

ತಾಳವಾಡಿ: ಬಣ್ಣಾರಿಯಿಂದ ದಿಂಬಂ ಘಾಟಿ ಹತ್ತಲು 27 ಹೇರ್‌ಪಿನ್ ತಿರುವುಗಳನ್ನು ದಾಟಬೇಕು. ಮೇಲೆ ಬಂದ ಮೇಲೂ ಕಾಡಂಚಿನ ಹಲವು ಊರುಗಳ ದಾರಿ ಮಳೆಗಾಲದಲ್ಲಿ ಬರೀ ಕೆಸರು. ಇಂಥ ಕಡೆ ರಾತ್ರಿ ಹೊತ್ತು ಹೆರಿಗೆ ನೋವು ಬಂದವರಿಗೆ, ಹಾವು ಕಚ್ಚಿದವರಿಗೆ ಊರಿನ ಹಳೆಯ ಫೋರ್ ವೀಲ್ ಜೀಪೇ ದಿಕ್ಕು. ಅದರ ಮುಂದಿನ ಆಕ್ಸಲ್ ಜಾಯಿಂಟ್ ಮುರಿದರೆ ಕೆಸರಿನಲ್ಲಿ ಗಾಡಿ ಏಳುವುದಿಲ್ಲ. ಅಷ್ಟೇ ಅಲ್ಲ, ಸ್ಟೀರಿಂಗ್ ಕೂಡ ಕಚ್ಚಿಕೊಂಡು ಪ್ರಾಣಕ್ಕೆ ಕುತ್ತು ಬರಬಹುದು.

ಈ ಜಾಯಿಂಟ್ ಎಲ್ಲಿದೆ?

ಫೋರ್ ವೀಲ್ ಗಾಡಿಯ ಮುಂದಿನ ಚಕ್ರಕ್ಕೆ ಎರಡು ಕೆಲಸ. ಎಂಜಿನ್ ಬಲದಿಂದ ಉರುಳಬೇಕು, ಸ್ಟೀರಿಂಗ್ ತಿರುಗಿಸಿದ ಕಡೆ ಹೊರಳಬೇಕು. ಅದಕ್ಕಾಗಿ ಡಿಫರೆನ್ಷಿಯಲ್‌ನಿಂದ ಬರುವ ಒಳ ಶಾಫ್ಟನ್ನೂ ಹಬ್‌ಗೆ ಹೋಗುವ ಹೊರ ಶಾಫ್ಟನ್ನೂ ಚಕ್ರದ ಹಿಂದೆಯೇ ಒಂದು ಕೀಲಿನಿಂದ ಜೋಡಿಸಿರುತ್ತಾರೆ. ಹಳೆಯ ಜೀಪುಗಳಲ್ಲಿ ಸಾಮಾನ್ಯವಾಗಿ ಈ ಕೀಲು ಕೂಡಿಸುವ ಚಿಹ್ನೆಯಂತಿರುವ 'ಕ್ರಾಸ್'. ಅದರ 4 ತುದಿಗಳಿಗೂ ಸೂಜಿ ಬೇರಿಂಗ್ ಇರುವ ಕಪ್ಪುಗಳಿರುತ್ತವೆ. ಶಾಫ್ಟಿನ ಕಿವಿಗಳ ತೂತಿನಲ್ಲಿ ಕೂತ ಈ ಕಪ್ಪುಗಳನ್ನು ಸರ್ಕ್ಲಿಪ್ ಹಿಡಿದಿರುತ್ತದೆ. ಜಿಪ್ಸಿಯಂಥ ಗಾಡಿಗಳಲ್ಲಿ ಕ್ರಾಸ್ ಬದಲು ಉಕ್ಕಿನ ಗುಂಡುಗಳಿರುವ ಸಿ.ವಿ. ಜಾಯಿಂಟ್ ಇದೆ.

ಮುರಿಯುವುದು ಏಕೆ?

ಕ್ರಾಸ್ ನೇರವಾಗಿದ್ದಾಗ ಸಮನಾಗಿ ತಿರುಗುತ್ತದೆ. ಮಡಿಚಿದಾಗ ಹಾಗಲ್ಲ. 30 ಡಿಗ್ರಿ ಮಡಿಚಿದರೆ ಹೊರ ಶಾಫ್ಟಿನ ವೇಗ ಒಂದೇ ಸುತ್ತಿನಲ್ಲಿ ಎರಡು ಸಲ ಸುಮಾರು ಶೇ. 13ರಷ್ಟು ಇಳಿದು, ಎರಡು ಸಲ ಸುಮಾರು ಶೇ. 15ರಷ್ಟು ಏರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಫೋರ್ ವೀಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕೀಲಿನ ಮೇಲೆ ಭಾರಿ ಪೆಟ್ಟು ಬೀಳುವುದು ಹೀಗೆ. ಕೆಸರಿನಲ್ಲಿ ಗಿರ್ರನೆ ಸುತ್ತುತ್ತಿರುವ ಚಕ್ರ ತಟ್ಟನೆ ಕಲ್ಲಿಗೆ ಹಿಡಿದುಕೊಂಡಾಗಲೂ ಮುರಿಯುತ್ತದೆ.

ಇನ್ನೊಂದು ಕಾರಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸುವುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಟಾರಿನಲ್ಲಿ ಜಾರದೆ ಬಿಗಿತವೆಲ್ಲ ಶಾಫ್ಟು, ಕ್ರಾಸ್‌ಗಳ ಮೇಲೆ ಬೀಳುತ್ತದೆ. ಗ್ರೀಸ್ ಒಣಗಿ, ನೀರು ನುಗ್ಗಿ ತುಕ್ಕು ಹಿಡಿದಿದ್ದರೆ ಕೇಳುವುದೇ ಬೇಡ.

ಮುನ್ಸೂಚನೆ

ಕೀಲು ಹೇಳದೆ ಮುರಿಯುವುದು ಕಡಿಮೆ. ತಿರುಗಿಸುವಾಗ 'ಟಕ್ ಟಕ್' ಸದ್ದು, ಸ್ಟೀರಿಂಗ್‌ನಲ್ಲಿ ನಡುಕ, ಫೋರ್ ವೀಲ್ ಹಾಕಿದ ಕೂಡಲೇ ಒಂದು ಪೆಟ್ಟು... ಇವು ಲಕ್ಷಣಗಳು. ಸಿ.ವಿ. ಜಾಯಿಂಟ್‌ಗೆ ರಬ್ಬರ್ ಬೂಟ್ ಇರುವ ಗಾಡಿಗಳಲ್ಲಿ ಬೂಟ್ ಹರಿದು ಗ್ರೀಸ್ ಸಿಡಿದಿದೆಯೇ ನೋಡಿ. ಆಗಲೇ ಬೂಟ್ ಬದಲಿಸಿದರೆ ಜಾಯಿಂಟ್ ಉಳಿದೀತು.

ದಾರಿಯಲ್ಲಿ ಮುರಿದರೆ

ಮೊದಲು ಟೂ ವೀಲ್‌ಗೆ ಹಾಕಿ. ಚಕ್ರದಲ್ಲಿ ಫ್ರೀ ವೀಲ್ ಹಬ್ ಇದ್ದರೆ ಎರಡೂ ಕಡೆ ಬಿಡಿಸಿ. ಅದಿಲ್ಲದಿದ್ದರೆ ಟೂ ವೀಲ್‌ನಲ್ಲೂ ಚಕ್ರದ ಜೊತೆ ಶಾಫ್ಟು ತಿರುಗುತ್ತಲೇ ಇರುತ್ತದೆ. ಮುರಿದ ತುಂಡು ಒಳಗೆ ಸಿಕ್ಕಿಕೊಂಡರೆ ಸ್ಟೀರಿಂಗ್ ಕಚ್ಚಿಕೊಳ್ಳುತ್ತದೆ. ಹಾಗಾಗಿ ಘಾಟಿ ಇಳಿಯುವ ಧೈರ್ಯ ಮಾಡಬೇಡಿ. ಮೆಕ್ಯಾನಿಕ್ ಕರೆಸಿ ಶಾಫ್ಟು ಹೊರತೆಗೆಸಿ.

ಹಳೆಯ ಜೀಪಿನಲ್ಲಿ ಚಕ್ರ ನಿಂತಿರುವುದು ಸ್ಪಿಂಡಲ್ ಬೇರಿಂಗ್ ಮೇಲೆ. ಆದ್ದರಿಂದ ಶಾಫ್ಟಿಲ್ಲದೆ ಟೂ ವೀಲ್‌ನಲ್ಲಿ ನಿಧಾನವಾಗಿ ಊರು ಸೇರಬಹುದು. ಆಯಿಲ್ ಸೋರದಂತೆ ಆಕ್ಸಲ್ ಕೊಳವೆಗೆ ಬಟ್ಟೆ ತುರುಕಿ, ಹಬ್ ಬಾಯಿ ಮುಚ್ಚಿ. ಆದರೆ ಹೊರ ಶಾಫ್ಟೇ ಹಬ್ ಬೇರಿಂಗನ್ನು ಬಿಗಿಹಿಡಿದಿರುವ ಗಾಡಿಗಳೂ ಇವೆ. ಅವುಗಳಲ್ಲಿ ಶಾಫ್ಟು ತೆಗೆದು ಓಡಿಸಿದರೆ ಚಕ್ರವೇ ಕಳಚೀತು.

ರಿಪೇರಿ ಹೇಗೆ?

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಬರೀ ಜಾಕ್ ನಂಬಬಾರದು. ಚಕ್ರ, ಹಬ್, ಬ್ರೇಕ್ ಡ್ರಮ್, ಬ್ರೇಕ್ ಪ್ಲೇಟ್, ಸ್ಪಿಂಡಲ್ ಬಿಚ್ಚಿದರೆ ಶಾಫ್ಟು ಹೊರಬರುತ್ತದೆ. ಸರ್ಕ್ಲಿಪ್ ತೆಗೆದು, ಒಂದು ಕಡೆ ಚಿಕ್ಕ ಸಾಕೆಟ್, ಇನ್ನೊಂದು ಕಡೆ ದೊಡ್ಡ ಸಾಕೆಟ್ ಇಟ್ಟು ವೈಸ್‌ನಲ್ಲಿ ಒತ್ತಿದರೆ ಕಪ್ಪು ಜಾರುತ್ತದೆ.

ಈಗಲೇ ಶಾಫ್ಟಿನ ಕಿವಿಗಳನ್ನು ತೊಳೆದು ನೋಡಬೇಕು. ಬಿರುಕು ಬಿಟ್ಟಿದ್ದರೆ ಅಥವಾ ತೂತು ಅಗಲವಾಗಿ ಕಪ್ಪು ಸಡಿಲವಾಗಿ ಕೂರುತ್ತಿದ್ದರೆ ಆ ಶಾಫ್ಟು ಮತ್ತೆ ಬಳಸುವಂತಿಲ್ಲ. ಅಲ್ಲಿ ವೆಲ್ಡಿಂಗ್ ಮಾಡಿಸುವುದು ತಪ್ಪು. ಶಾಖಕ್ಕೆ ಹದ ಕೆಟ್ಟ ಉಕ್ಕು ಮತ್ತೆ ಮುರಿಯುತ್ತದೆ.

ಹೊಸ ಕ್ರಾಸ್ ಕೂರಿಸುವಾಗ ಸೂಜಿಗಳು ಗ್ರೀಸಿನಲ್ಲಿ ನೆಟ್ಟಗೆ ನಿಂತಿರಬೇಕು. ಒಂದು ಬಿದ್ದರೂ ಕಪ್ಪು ಪೂರ್ತಿ ಒಳಗೆ ಹೋಗುವುದಿಲ್ಲ. ಅದನ್ನು ಹೊಡೆದು ಕೂರಿಸಿದರೆ ಹೊಸ ಕ್ರಾಸೂ ಹಾಳು. ಸರ್ಕ್ಲಿಪ್ ಹಾಕಿದ ಮೇಲೆ ಕೀಲು ಎಲ್ಲ ದಿಕ್ಕಿಗೂ ಕೈಯಲ್ಲೇ ಸಲೀಸಾಗಿ ಮಣಿಯಬೇಕು. ಆಯಿಲ್ ಸೀಲು ಹೊಸದಿರಲಿ, ವೀಲ್ ಬೇರಿಂಗ್ ಬಿಗಿತ ಮತ್ತೆ ಸರಿಮಾಡಲಿ. ಬ್ರೇಕ್ ಪೈಪ್ ಬಿಚ್ಚಿದ್ದರೆ ಗಾಳಿ ತೆಗೆಯದೆ ಗಾಡಿ ಹೊರಡಿಸಬಾರದು.

ಡ್ರೈವರ್ ಅಣ್ಣಂದಿರಿಗೆ ಕೊನೆಯದಾಗಿ ಒಂದು ಮಾತು. ಕೆಸರು ದಾಟಿ ಟಾರು ಸಿಕ್ಕ ಕೂಡಲೇ ಟೂ ವೀಲ್‌ಗೆ ಬನ್ನಿ. ಸದ್ದು ಕೇಳಿದ ವಾರದಲ್ಲೇ ಕ್ರಾಸ್ ನೋಡಿಸಿ. ತಡ ಮಾಡಿದರೆ ಶಾಫ್ಟಿಗೂ ದುಡ್ಡು ಹಾಕಬೇಕಾದೀತು. ನಡುರಾತ್ರಿ ಯಾರ ಮನೆಯಿಂದ ಕರೆ ಬರುತ್ತದೋ ಹೇಳಲಾಗದು.