ಬಾಗಿಲು ಕಾಯ್ದ ಸಂತ: ಕೆಲಸ ಹೋದರೆ ನಾವು ಯಾರು?



ಭಾನುವಾರದ ಪೂಜೆ ಮುಗಿದು ಚರ್ಚ್ ಅಂಗಳದಲ್ಲಿ ನಿಂತಾಗ ಹಿರಿಯರು ನಮ್ಮ ಹುಡುಗರನ್ನು ಕೇಳುವ ಮೊದಲ ಪ್ರಶ್ನೆ ಯಾವುದು? "ಈಗ ಏನು ಮಾಡ್ತಿದ್ದಿ ಮಗಾ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಹೇಳಲು ಉತ್ತರ ಇಲ್ಲದವನಿಗೆ ಆ ಮಾತು ಬಹಳ ಭಾರ. ಕಾಸರಗೋಡಿನ ನಮ್ಮ ಕಡೆ ಪಿಎಸ್‌ಸಿ ರ‍್ಯಾಂಕ್ ಲಿಸ್ಟ್ ಕಾಯುತ್ತಿರುವವರು, ಗಲ್ಫಿನಿಂದ ಕೆಲಸ ಬಿಟ್ಟು ಬಂದವರು, ರೈಲು ಹತ್ತಿ ಮಂಗಳೂರಿಗೆ ಇಂಟರ್‌ವ್ಯೂಗೆ ಹೋಗಿ ಬರುವವರು ಪ್ರತಿ ವಾಳೆಯಲ್ಲೂ ಇದ್ದಾರೆ.

ನಮ್ಮ ಯುವ ಸಂಘದ ಒಬ್ಬ ಅಣ್ಣ ಕೆಲಸ ಹೋದ ಮೇಲೆ ನಾಲ್ಕು ತಿಂಗಳು ಸಭೆಗೆ ಬರಲಿಲ್ಲ. ಗಾಯನ ಮಂಡಳಿಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು ಅವರು. ಮನೆಗೆ ಹೋಗಿ ಕೇಳಿದಾಗ, "ಏನು ಮಾಡ್ತಿದ್ದಿ ಅಂತ ಯಾರಾದರೂ ಕೇಳಿದರೆ ಏನು ಹೇಳಲಿ?" ಎಂದರು. ಕೆಲಸ ಹೋದದ್ದಕ್ಕಿಂತ ಹೆಚ್ಚಾಗಿ, ತಾನು ಯಾರು ಎನ್ನುವುದೇ ಅವರಿಗೆ ತಿಳಿಯದೆ ಹೋಗಿತ್ತು. ಆ ದಿನದಿಂದ ನಾವು ಒಬ್ಬ ಸಂತರ ಚರಿತ್ರೆಯನ್ನು ಹುಡುಕಿ ಓದತೊಡಗಿದೆವು. ಅವರ ಹೆಸರು ಅಲ್ಫೋನ್ಸ್ ರೊಡ್ರಿಗಸ್. ನಮ್ಮಲ್ಲಿ ಅಲ್ಫೋನ್ಸ್ ಎಂದ ಕೂಡಲೇ ಸಂತ ಅಲ್ಫೋನ್ಸ್ ಲಿಗೋರಿಯವರೇ ನೆನಪಾಗುತ್ತಾರೆ. ಇವರು ಬೇರೆ, ಅವರಿಗಿಂತ ಹಿಂದಿನವರು.

16ನೇ ಶತಮಾನದ ಸ್ಪೇನ್. ಸೆಗೋವಿಯಾ ಉಣ್ಣೆ ಬಟ್ಟೆಗೆ ಹೆಸರಾದ ಊರು. ಅಲ್ಲಿನ ಉಣ್ಣೆ ವ್ಯಾಪಾರಿಯೊಬ್ಬರ ಮನೆಯಲ್ಲಿ 1530ರ ದಶಕದ ಆರಂಭದಲ್ಲಿ ಅಲ್ಫೋನ್ಸ್ ಹುಟ್ಟಿದರು. ಸಂತ ಇಗ್ನೇಷಿಯಸರ ಮೊದಲ ಸಂಗಡಿಗರಲ್ಲಿ ಒಬ್ಬರಾದ ಪೀಟರ್ ಫೇಬರ್ ಆ ಊರಿಗೆ ಬಂದಾಗ ಇವರ ಮನೆಯಲ್ಲೇ ಉಳಿದುಕೊಂಡು, ಬಾಲಕ ಅಲ್ಫೋನ್ಸರನ್ನು ಪ್ರಥಮ ಪರಮಪ್ರಸಾದಕ್ಕೆ ಸಿದ್ಧಪಡಿಸಿದರು. ಅಲ್ಫೋನ್ಸ್ ಓದಲು ಅಲ್ಕಲಾ ಪಟ್ಟಣಕ್ಕೆ ಹೋದರು. ಅಷ್ಟರಲ್ಲಿ ತಂದೆ ತೀರಿಕೊಂಡರು. ಓದು ಅರ್ಧಕ್ಕೆ ನಿಂತಿತು, ಹುಡುಗ ಮನೆಗೆ ಬಂದು ತಾಯಿಯ ಜೊತೆ ಅಂಗಡಿ ನೋಡಿಕೊಳ್ಳಬೇಕಾಯಿತು.

ಮುಂದೆ ಮರಿಯಾ ಸುವಾರೆಸ್ ಎಂಬವರನ್ನು ಮದುವೆಯಾದರು. ಮೂವರು ಮಕ್ಕಳಾದರು. ಆದರೆ ಕೆಲವೇ ವರ್ಷಗಳಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ವ್ಯಾಪಾರವೂ ನೆಲಕಚ್ಚಿತು. ಮೂವತ್ತೈದರ ಆಸುಪಾಸಿನಲ್ಲಿ ಅವರು ಗಂಡನೂ ಅಲ್ಲ, ತಂದೆಯೂ ಅಲ್ಲ, ವ್ಯಾಪಾರಿಯೂ ಅಲ್ಲ. ಮನೆತನ, ಮಾನ, ಆಸ್ತಿ ನೋಡಿ ಗಂಡಸಿಗೆ ಬೆಲೆ ಕಟ್ಟುತ್ತಿದ್ದ ಆ ಸಮಾಜದಲ್ಲಿ ಅವರ ಕೈಯಲ್ಲಿ ತೋರಿಸಲು ಏನೂ ಉಳಿದಿರಲಿಲ್ಲ.

ಯೇಸುಸಭೆಗೆ ಸೇರುತ್ತೇನೆಂದು ಹೋದರು. ವಯಸ್ಸು ಮೀರಿದೆ, ಓದು ಸಾಲದು, ಆರೋಗ್ಯವೂ ಚೆನ್ನಾಗಿಲ್ಲ ಎಂದು ಅವರನ್ನು ತೆಗೆದುಕೊಳ್ಳಲಿಲ್ಲ. ಇಂಟರ್‌ವ್ಯೂನಿಂದ ಬರಿಗೈಯಲ್ಲಿ ಬಂದವರಿಗೆ ಆ ನೋವು ಗೊತ್ತು. ಅವರು ವಲೆನ್ಸಿಯಾಕ್ಕೆ ಹೋಗಿ, ಚಿಕ್ಕ ಹುಡುಗರ ಜೊತೆ ಕುಳಿತು ಲ್ಯಾಟಿನ್ ಕಲಿಯಲು ಹೊರಟರು. ಕೊನೆಗೆ 1571ರಲ್ಲಿ ಅವರನ್ನು 'ಬ್ರದರ್' ಆಗಿ ಸೇರಿಸಿಕೊಂಡರು. ನಮ್ಮಲ್ಲಿ ಗುರುಗಳಾಗಲು ಓದುತ್ತಿರುವವರನ್ನೂ ಬ್ರದರ್ ಎನ್ನುತ್ತೇವೆ. ಅಲ್ಫೋನ್ಸ್ ಕೊನೆಯವರೆಗೂ ಬ್ರದರ್ ಆಗಿಯೇ ಇದ್ದವರು. ವ್ರತ ತೆಗೆದುಕೊಂಡರು, ಗುರುದೀಕ್ಷೆ ಪಡೆಯಲಿಲ್ಲ.

ಅದೇ ವರ್ಷ ಅವರನ್ನು ಮಯೋರ್ಕಾ ದ್ವೀಪದ ಪಾಲ್ಮಾ ಪಟ್ಟಣದ ಮೊಂತೆಸಿಯೋನ್ ಕಾಲೇಜಿಗೆ ಕಳುಹಿಸಿದರು. ಅಲ್ಲಿ ಸಾಯುವವರೆಗೆ, ಅಂದರೆ 46 ವರ್ಷ ಇದ್ದರು. ಅದರಲ್ಲಿ ಬಹುಪಾಲು ವರ್ಷ ಅವರ ಕೆಲಸ ಬಾಗಿಲು ಕಾಯುವುದು. ಬಂದವರಿಗೆ ಬಾಗಿಲು ತೆರೆಯಬೇಕು, ಒಳಗಿದ್ದವರನ್ನು ಕರೆಯಬೇಕು, ಸುದ್ದಿ ಮುಟ್ಟಿಸಬೇಕು, ಬಡವರಿಗೆ ಇದ್ದದ್ದನ್ನು ಹಂಚಬೇಕು. ಬಡ್ತಿ ಇಲ್ಲ, ಪದವಿ ಇಲ್ಲ. ಪ್ರತಿ ಸಲ ಬಾಗಿಲು ಬಡಿದಾಗಲೂ ಹೊರಗೆ ನಿಂತಿರುವವರು ಪ್ರಭುವೇ ಎಂದುಕೊಂಡು ಎದ್ದು ಹೋಗುತ್ತಿದ್ದರಂತೆ.

ಇಲ್ಲಿ ನಾವು ಎಚ್ಚರವಾಗಿರಬೇಕು. ಹೆಂಡತಿ ಮಕ್ಕಳು ಸತ್ತದ್ದು, ವ್ಯಾಪಾರ ಮುಳುಗಿದ್ದು ಎಲ್ಲ ಒಳ್ಳೆಯದಕ್ಕೇ ಎಂದು ಹೇಳಿಬಿಡುವುದು ಸುಲಭ. ಅದು ನೊಂದವರಿಗೆ ಮಾಡುವ ಅನ್ಯಾಯ. ಬಾಗಿಲ ಬಳಿ ಕುಳಿತ ಮಾತ್ರಕ್ಕೆ ಅಲ್ಫೋನ್ಸರ ದುಃಖ ಮಾಯವಾಗಲಿಲ್ಲ. ಮನಸ್ಸಿನ ಕತ್ತಲೆ, ಸಂಶಯ, ಪ್ರಾರ್ಥನೆಯಲ್ಲಿ ಬರಡುತನ ಅವರನ್ನು ವರ್ಷಗಟ್ಟಲೆ ಕಾಡಿದವು. ಮೇಲಧಿಕಾರಿಗಳು ಹೇಳಿದ್ದರಿಂದ ಅವರೇ ಬರೆದಿಟ್ಟ ನೆನಪುಗಳಿಂದ ಇದು ನಮಗೆ ತಿಳಿಯುತ್ತದೆ. ಹಾಗಿದ್ದೂ ಅವರು ದಿನಾ ಎದ್ದು ಬಾಗಿಲು ತೆರೆದರು.

1605ರಲ್ಲಿ ಆ ಬಾಗಿಲಿಗೆ ಪೀಟರ್ ಕ್ಲೇವರ್ ಎಂಬ ಯುವಕ ಓದಲು ಬಂದ. ಮುದುಕನಾಗಿದ್ದ ಬ್ರದರ್ ಅವನೊಂದಿಗೆ ಮಾತನಾಡಿ, ಅಮೆರಿಕ ಖಂಡಕ್ಕೆ ಹೋಗಿ ಸೇವೆ ಮಾಡಲು ಹುರಿದುಂಬಿಸಿದರು. ಕ್ಲೇವರ್ 1610ರಲ್ಲಿ ಇಂದಿನ ಕೊಲಂಬಿಯಾದ ಕಾರ್ತಜೇನಕ್ಕೆ ತಲುಪಿ, ಹಡಗುಗಳಲ್ಲಿ ತುಂಬಿ ತಂದ ಆಫ್ರಿಕದ ಗುಲಾಮರ ಸೇವೆಯಲ್ಲಿ ಸುಮಾರು 40 ವರ್ಷ ಕಳೆದರು. ಅಲ್ಫೋನ್ಸ್ 1617ರ ಅಕ್ಟೋಬರ್ 31ರಂದು ತೀರಿಕೊಂಡರು. 1888ರ ಜನವರಿ 15ರಂದು ಪೋಪ್ 13ನೇ ಲಿಯೋ ಇಬ್ಬರನ್ನೂ ಒಂದೇ ದಿನ ಸಂತರೆಂದು ಘೋಷಿಸಿದರು.

"ಸೋತವರಿಗೆ ಇದು ಸಮಾಧಾನದ ಮಾತು, ಗೆದ್ದವರಿಗೆ ಇದರಿಂದ ಏನು?" ಎಂದು ನಮ್ಮ ಸಭೆಯಲ್ಲಿ ಒಬ್ಬ ಕೇಳಿದ. ಅದಕ್ಕೆ ಉತ್ತರ ನಮ್ಮ ಹತ್ತಿರದ ಮಂಗಳೂರಿನಲ್ಲೇ ಇದೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡದವರು ನಮ್ಮಲ್ಲಿ ಕಡಿಮೆ. ಅದರ ಗೋಡೆ, ಛಾವಣಿಗಳಲ್ಲಿ ಚಿತ್ರ ಬರೆದ ಅಂತೋನಿಯೋ ಮೊಸ್ಕೇನಿ ಇಟಲಿಯ ಬೆರ್ಗಾಮೊ ಕಡೆಯವರು. ಚಿತ್ರಕಾರರಾಗಿ ಹೆಸರು ಮಾಡಿದ ಮೇಲೆ, 1889ರಲ್ಲಿ, 35ನೇ ವಯಸ್ಸಿನಲ್ಲಿ, ಯೇಸುಸಭೆಗೆ ಸೇರಿದರು. ಅವರೂ ಅಲ್ಫೋನ್ಸರಂತೆ ಬರೀ ಬ್ರದರ್. 1899ರಲ್ಲಿ ಮಂಗಳೂರಿನ ಕೆಲಸ ಆರಂಭಿಸಿದರು. ತಂದೆಯ ಸಂಸ್ಥಾನದ ಹಕ್ಕನ್ನು ಬಿಟ್ಟುಕೊಟ್ಟ ಸಂತ ಅಲೋಶಿಯಸರ ಜೀವನವನ್ನೇ ಛಾವಣಿಯಲ್ಲಿ ಚಿತ್ರಿಸಿದರು. ಮುಂದೆ ಕೊಚ್ಚಿಯ ಸಾಂತಾ ಕ್ರೂಸ್ ಚರ್ಚಿನಲ್ಲೂ ಚಿತ್ರ ಬರೆದರು. 1905ರ ನವೆಂಬರ್‌ನಲ್ಲಿ, ಆ ಚರ್ಚಿನ ಪ್ರತಿಷ್ಠೆಗೆ ನಾಲ್ಕು ದಿನ ಇರುವಾಗ ತೀರಿಕೊಂಡರು. ಒಬ್ಬರ ವೃತ್ತಿ ಕೈಬಿಟ್ಟಿತು, ಇನ್ನೊಬ್ಬರ ವೃತ್ತಿ ಕೈಹಿಡಿಯಿತು. ಇಬ್ಬರೂ ತಮ್ಮ ಬೆಲೆಯನ್ನು ಅದರಲ್ಲಿ ಹುಡುಕಲಿಲ್ಲ.

ನಾವು ಬಿಎಸ್ಸಿಯಲ್ಲಿ ಓದಿದ್ದೇವೆ: ಚಂದ್ರನ ಮೇಲೆ ಹೋದರೆ ವಸ್ತುವಿನ ತೂಕ ಆರರಲ್ಲಿ ಒಂದು ಪಾಲಾಗುತ್ತದೆ, ದ್ರವ್ಯರಾಶಿ ಮಾತ್ರ ಅಷ್ಟೇ ಇರುತ್ತದೆ. ಜನರು ಕೊಡುವ ತೂಕ ಜಾಗ ಬದಲಾದಂತೆ ಬದಲಾಗುತ್ತದೆ. ದೇವರು ಇಟ್ಟದ್ದು ಬದಲಾಗುವುದಿಲ್ಲ. ಜೋರ್ಡಾನ್ ನದಿಯಲ್ಲಿ ತಂದೆಯು ಯೇಸುವನ್ನು ತನ್ನ ಪ್ರಿಯ ಮಗ ಎಂದು ಕರೆದಾಗ ಯೇಸು ಇನ್ನೂ ಒಂದು ಅದ್ಭುತವನ್ನೂ ಮಾಡಿರಲಿಲ್ಲ.

ಹಾಗೆಂದು ಕೆಲಸ ಬೇಡ ಎಂದಲ್ಲ. ಮನೆ ನಡೆಯಬೇಕು, ಸಾಲ ತೀರಬೇಕು, ತಂಗಿಯ ಫೀಸು ಕಟ್ಟಬೇಕು. ಸಂತ ಜೋಸೆಫರು ಬಡಗಿ, ಸಂತ ಪೌಲರು ಡೇರೆ ಹೊಲಿದವರು. ಕೆಲಸ ಹುಡುಕೋಣ, ಸಿಕ್ಕಿದ್ದನ್ನು ಚೆನ್ನಾಗಿ ಮಾಡೋಣ. ಆದರೆ ಸಿಗುವವರೆಗೆ ನಾವು ಯಾರೂ ಅಲ್ಲ ಎಂದು ನಂಬುವುದು ಬೇಡ.

ನಮ್ಮ ಸಂಘದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ್ದೇವೆ. ಹೊಸಬರು ಬಂದಾಗ ಹೆಸರು, ಮನೆ, ಏನು ಇಷ್ಟ ಎಂದು ಕೇಳುತ್ತೇವೆ. ಕೆಲಸದ ಮಾತು ಅವರೇ ಎತ್ತಿದರೆ ಮಾತ್ರ. ಕೆಲಸ ಹೋದವರ ಮನೆಗೆ ಇಬ್ಬರಾದರೂ ಹೋಗಿ ಬರುತ್ತೇವೆ. ಆ ಅಣ್ಣನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಆದರೆ ಕಳೆದ ಭಾನುವಾರ ಅವರು ಮತ್ತೆ ಕೀಬೋರ್ಡಿನ ಮುಂದೆ ಕುಳಿತಿದ್ದರು.

ನಿಮ್ಮ ವಾಳೆಯಲ್ಲೂ ಅಂಥವರು ಇದ್ದರೆ ಈ ವಾರವೇ ಹೋಗಿ ಅವರ ಬಾಗಿಲು ತಟ್ಟಿ.